ಚೀನದ ಬಟ್ಟಲು, ವಿಯೆಟ್ನಾಮಿನ ಕೈ

ಬದಿಯಡ್ಕದ ಸುತ್ತಣ ಹಳೆಯ ಮನೆಗಳಲ್ಲಿ ಮಾವಿನ ಮಿಡಿ ತುಂಬಿದ ಭರಣಿಯನ್ನು ಕಾಣದವರು ಯಾರು? ಅದನ್ನು ‘ಚೀನಾ ಭರಣಿ’ ಎನ್ನುವುದು ರೂಢಿ. ಅದನ್ನು ಸುಟ್ಟ ಆವಿಗೆ ಎಲ್ಲಿಯದೇ ಇರಲಿ, ಹೆಸರು ಮಾತ್ರ ಚೀನದ್ದು. ನಮ್ಮ ‘ಪಿಂಗಾಣಿ’ ಎಂಬ ಮಾತಾದರೋ ಪಾರಸಿಯಿಂದ ಬಂದುದು. ಅಲ್ಲಿ ‘ಪಿಂಗಾನ್’ ಎಂದರೆ ಬಟ್ಟಲು. ವಸ್ತು ಮೂಡಣದಿಂದ, ಹೆಸರು ಪಡುವಣದಿಂದ, ಎರಡೂ ನಮ್ಮ ಕಡಲತಡಿಗೆ ಬಂದಿಳಿದುವು.

ಕ್ರಿ.ಶ. 1342ರ ಸುಮಾರಿಗೆ ಮಂಗಳೂರಿನಿಂದ ತೆಂಕಣಕ್ಕೆ ಸಾಗಿದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು, ಚೀನದ ಹಡಗುಗಳು ಬರುವ ಬಂದರುಗಳು ಈ ಕರಾವಳಿಯಲ್ಲಿ ಮೂರೇ ಎಂದು ಬರೆದಿದ್ದಾನೆ: ಕೊಲ್ಲಂ, ಕಲ್ಲಿಕೋಟೆ, ಏಳಿಮಲೆ. ಏಳಿಮಲೆಯು ನಮ್ಮ ಚಂದ್ರಗಿರಿ ಹೊಳೆಗೆ ಬಹುದೂರವೇನಲ್ಲ.

ಆದರೆ ಮೂಡಣ ಕಡಲಿನ ಬಟ್ಟಲುಗಳೆಲ್ಲ ಚೀನದವೇ ಆಗಿರಲಿಲ್ಲ. ಉತ್ತರ ವಿಯೆಟ್ನಾಮು ಕ್ರಿ.ಪೂ. 111ರಿಂದ ಹತ್ತನೆಯ ಶತಮಾನದ ತನಕ, ನಡುನಡುವೆ ಬಂಡಾಯಗಳೆದ್ದರೂ, ಚೀನದ ಆಳ್ವಿಕೆಯಲ್ಲಿತ್ತು. ಅಲ್ಲಿನ ಕುಂಬಾರರು ಹಸಿರು ಮೆರುಗನ್ನೂ, ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಕೋಬಾಲ್ಟ್ ಖನಿಜದಿಂದ ಮೆರುಗಿನಡಿ ನೀಲಿ ಚಿತ್ರ ಬರೆಯುವ ವಿದ್ಯೆಯನ್ನೂ ನೆರೆಯವರಿಂದಲೇ ಕಲಿತರು. 1371ರಲ್ಲಿ ಮಿಂಗ್ ಚಕ್ರವರ್ತಿಯು ತನ್ನ ಪ್ರಜೆಗಳ ಕಡಲ ವ್ಯಾಪಾರವನ್ನು ನಿಷೇಧಿಸಿದನು. ಚೀನದ ಸರಕು ವಿರಳವಾದಾಗ ವಿಯೆಟ್ನಾಮಿನ ಬಟ್ಟಲಿಗೆ ಬೇಡಿಕೆ ಬಂದಿತು. ಹೊಯಿ ಆನ್ ಬಳಿ ಮುಳುಗಿದ್ದ, ಹದಿನೈದನೆಯ ಶತಮಾನದ ಕೊನೆಯ ಹೊತ್ತಿನದೆನ್ನಲಾದ ಒಂದೇ ಹಡಗಿನಿಂದ 1997–99ರಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಪಾತ್ರೆಗಳನ್ನು ಮೇಲೆತ್ತಲಾಯಿತು!

ಕಲಿತದ್ದು ನೆರೆಯವರಿಂದಾದರೂ ಕೈ ತಮ್ಮದೇ. ಚೀನದ ಪಿಂಗಾಣಿಯ ಅಚ್ಚ ಬಿಳುಪು ಇಲ್ಲಿಲ್ಲ. ಮಣ್ಣು ತುಸು ಬೂದು. ಕುಂಚದ ಗೆರೆ ಸಡಿಲ, ಅವಸರದ್ದು. ನನ್ನ ಕಣ್ಣಿಗೆ ಅದೇ ಹೆಚ್ಚು ಚೆಲುವು. ಒಂದರೊಳಗೊಂದು ಪೇರಿಸಿ ಸುಟ್ಟುದರಿಂದ ಬಟ್ಟಲಿನೊಳಗೆ ಚಿಕ್ಕ ಚುಕ್ಕೆಗಳ ಗುರುತು ಉಳಿಯುತ್ತಿತ್ತು. ಅನೇಕ ಬಟ್ಟಲುಗಳ ಅಡಿಗೆ ಕಂದು ಬಣ್ಣ ಬಳಿದಿರುತ್ತದೆ. ಚೀನದ ಬಟ್ಟಲಿನಿಂದ ಇದನ್ನು ಬೇರ್ಪಡಿಸುವವರು ಮೊದಲು ನೋಡುವುದು ಅದನ್ನೇ.

ಇಸ್ತಾಂಬುಲಿನ ತೋಪ್ಕಾಪಿ ಅರಮನೆಯಲ್ಲಿ ನೀಲಿ ಚಿತ್ರದ ಒಂದು ಹೂಜಿಯಿದೆ. ಅದರ ಭುಜದ ಮೇಲೆ ಕ್ರಿ.ಶ. 1450ಕ್ಕೆ ಸಲ್ಲುವ ವರುಷ, ನಾಮ್ ಸಾಕ್ ಎಂಬ ಊರು, ಬುಯಿ ಎಂಬ ಕುಲನಾಮ, ಇಷ್ಟು ಬರೆದಿದೆ. ಲಿಪಿ ಚೀನದ್ದು, ವರುಷದ ಎಣಿಕೆ ಮಾತ್ರ ವಿಯೆಟ್ನಾಮಿನ ಅರಸನದು. (ಗಡಿಯಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) 1980ರಲ್ಲಿ ಜಪಾನಿನ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು ಈ ಬರಹದ ಬಗೆಗೆ ಅಲ್ಲಿನವರಿಗೆ ಪತ್ರ ಬರೆದು ವಿಚಾರಿಸಿದರು. ಹುಡುಕಾಟ ನಡೆದು, 1986ರಲ್ಲಿ ಚೂ ಡಾವ್ ಗ್ರಾಮದಲ್ಲಿ ಅಗೆದಾಗ, ಊರವರೇ ಮರೆತಿದ್ದ ಆವಿಗೆಗಳ ಕುರುಹು ದೊರೆಯಿತು.

ನಮ್ಮಲ್ಲಿ ಹಳೆಯ ಮನೆ ಕೆಡಹುವಾಗ ಅಟ್ಟದ ಬಟ್ಟಲೂ ಹಿತ್ತಿಲ ಚೂರೂ ಮಣ್ಣಿನೊಡನೆ ತೆಂಗಿನ ಬುಡ ಸೇರುತ್ತವೆ. ಹಾಗೆ ಎಸೆಯುವ ಮುನ್ನ ಅವುಗಳ ಅಡಿಯನ್ನು ಒಮ್ಮೆ ಮಗುಚಿ ನೋಡಬೇಕೆಂದು ವಾಚಕರಲ್ಲಿ ನನ್ನ ಬಿನ್ನಹ.