ಮೀನಿಗಿಂತ ಮೊದಲು ನೀರು

ಗಾಜಿನ ತೊಟ್ಟಿಯಲ್ಲಿ ಜೀವಿಗಳನ್ನು ಸಾಕುವ ಹವ್ಯಾಸಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬ ಗೃಹಿಣಿಯೂ ಇದ್ದರು. 1846ರಲ್ಲಿ ಅನ್ನಾ ಥಿನ್ ಇಂಗ್ಲೆಂಡಿನ ಟಾರ್ಕ್ವೇ ಕಡಲತೀರದ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದರು. ಕಡಲ ನೀರು ಕೆಡದಿರಲೆಂದು ಮನೆಗೆಲಸದಾಕೆ ತೆರೆದ ಕಿಟಕಿಯ ಬಳಿ ಅದನ್ನು ಕಾಫಿ ಆರಿಸುವಂತೆ ಪಾತ್ರೆಯಿಂದ ಪಾತ್ರೆಗೆ ಅರ್ಧ ಗಂಟೆಗೂ ಮೀರಿ ಸುರಿಯುತ್ತಿದ್ದಳು. ಆದರೆ ನೀರಿಗೆ ಗಾಳಿಯೊಂದೇ ಸಾಲದು. ಮೀನಿನ ಕಲ್ಮಷದಿಂದ ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಅದನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು 1890ರಲ್ಲಿ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿದರು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಕೆಲವು ವಾರಗಳೇ ಬೇಕು. ಅಲ್ಲಿಯವರೆಗೆ ಚಿಟಿಕೆ ಮೀನಿನ ಆಹಾರ ಉದುರಿಸುತ್ತ ಕಾಯಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆಯೇ ಮೀನು ಬಿಡಬೇಕು. ಚಂದದ ಮೀನನ್ನು ಎಲ್ಲರೂ ನೋಡುತ್ತಾರೆ. ಅದನ್ನು ಬದುಕಿಸುವ ದುಡಿಮೆ ಮಾತ್ರ, ಆ ಕೆಲಸದಾಕೆಯದರಂತೆ, ಯಾರ ಕಣ್ಣಿಗೂ ಬೀಳುವುದಿಲ್ಲ.