ಹಲಗೆಯ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರವಿಡೀ ಟಿವಿಯವರು ‘ಸ್ಟಾಪ್ ಲಾಗ್’ ಎಂಬ ಮಾತನ್ನು ಎಷ್ಟು ಸಲ ಹೇಳಿದರೆಂದರೆ, ಊರಿನಲ್ಲಿರುವ ನನ್ನ ಅಮ್ಮ ಫೋನು ಮಾಡಿ ಕೇಳಿಯೇಬಿಟ್ಟಳು.

“ಅದೇನೇ ಅದು, ಸ್ಟಾಪ್ ಲಾಗು?”

“ನಮ್ಮ ಹೊಳೆಗೆ ಹಲಗೆ ಹಾಕುತ್ತಿದ್ದರಲ್ಲಮ್ಮ, ಅದೇ. ಇದು ಕಬ್ಬಿಣದ್ದು, ಅಷ್ಟೆ.”

“ಓ, ಹಲಗೆಯಾ?” ಎಂದವಳು ಸ್ವಲ್ಪ ಹೊತ್ತು ಸುಮ್ಮನಾದಳು. ಯಾಕೆ ಸುಮ್ಮನಾದಳೆಂದು ನನಗೆ ಗೊತ್ತಿತ್ತು. ಅದನ್ನು ಹೇಳುವ ಮೊದಲು ಹಲಗೆಯ ಕತೆಯನ್ನು ಸ್ವಲ್ಪ ಹೇಳಬೇಕು.

ಮಳೆಗಾಲದಲ್ಲಿ ನಮ್ಮ ದಕ್ಷಿಣ ಕನ್ನಡದ ಹೊಳೆ ತೋಡುಗಳನ್ನು ನೋಡಿದವರು ಇಲ್ಲಿ ನೀರಿಗೆ ಬರವುಂಟೇ ಎನ್ನಬಹುದು. ಆದರೆ ಘಟ್ಟದಿಂದ ಇಳಿದ ನೀರಿಗೆ ಸಮುದ್ರ ಬಹಳ ಹತ್ತಿರ. ಇಳಿಜಾರೂ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನವರೆಗೆ ಧೋ ಎಂದು ಸುರಿದದ್ದು ದೀಪಾವಳಿ ಕಳೆಯುವಷ್ಟರಲ್ಲಿ ಹರಿದುಹೋಗಿ, ಶಿವರಾತ್ರಿಯ ಹೊತ್ತಿಗೆ ಹೊಳೆಯಲ್ಲಿ ಕಲ್ಲು ಎಣಿಸಬಹುದು. ಹೀಗಾಗಿ ನಮ್ಮ ಹಿರಿಯರು ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ, ಸೊಪ್ಪುಸದೆ ಹಾಕಿ ‘ಕಟ್ಟ’ ಕಟ್ಟುತ್ತಿದ್ದರು. ನಾಲ್ಕಾರು ಮನೆಯವರು ಸೇರಿ ಮಾಡುವ ಕೆಲಸ. ಗಂಡಸರು ಕಲ್ಲು ಹೊತ್ತರೆ ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊರುವುದು. ಕಟ್ಟದ ನೀರಿನಿಂದ ಸುಗ್ಗಿ ಬೆಳೆಗೆ ಆಧಾರ, ನೀರು ಚೆನ್ನಾಗಿದ್ದಲ್ಲಿ ಕೊಳಕೆ ಎಂಬ ಮೂರನೆಯ ಬೆಳೆಯೂ ಆಗುತ್ತಿತ್ತು. ತೋಟಕ್ಕಂತೂ ಅದೇ ಜೀವ. ಇನ್ನೊಂದು ಲಾಭವನ್ನು ಹೆಂಗಸರೇ ಮೊದಲು ಕಂಡುಕೊಳ್ಳುತ್ತಿದ್ದರು. ಕಟ್ಟ ಕಟ್ಟಿದ ಕೆಲವು ದಿನಗಳಲ್ಲಿ ಸುತ್ತಲಿನ ಬಾವಿಗಳ ನೀರು ಏರುತ್ತಿತ್ತು. ಕೊಡಪಾನದ ಹಗ್ಗದಲ್ಲಿ ಒಂದು ಗಂಟು ಕಡಮೆಯಾಯಿತೆಂದು ನನ್ನ ಅಜ್ಜಿ ಹೇಳುತ್ತಿದ್ದರು.

ಮೊದಲ ಮಳೆಗೆ ಕಟ್ಟ ಕೊಚ್ಚಿಹೋಗುತ್ತಿತ್ತು. ಹೋಗಲೆಂದೇ ಕಟ್ಟಿದ್ದು ಅದು. ಆದರೆ ಪ್ರತಿವರ್ಷ ಹೊಸದಾಗಿ ಕಟ್ಟಬೇಕು. ಈ ಕಷ್ಟವನ್ನು ತಪ್ಪಿಸಲು ಬಂದದ್ದು ಕಿಂಡಿ ಅಣೆಕಟ್ಟು. ಹೊಳೆಗೆ ಅಡ್ಡವಾಗಿ ಸಾಲು ಕಂಬಗಳು, ನಡುವೆ ಕಿಂಡಿಗಳು. ಕಂಬದ ಎರಡೂ ಬದಿ ಮೇಲಿಂದ ಕೆಳತನಕ ಸಂದು ಬಿಟ್ಟಿರುತ್ತಾರೆ. ಆ ಸಂದಿನಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವುದು. ಹೀಗೆ ಎರಡು ಸಾಲು ಹಲಗೆ, ನಡುವಿನ ಜಾಗದಲ್ಲಿ ಮಣ್ಣು ತುಂಬಿ ತುಳಿದರೆ ಗೋಡೆಯಾಯಿತು. ಮಳೆಗಾಲಕ್ಕೆ ಮುಂಚೆ ಹಲಗೆ ಎತ್ತಿದರೆ ಹೊಳೆ ತನ್ನ ಪಾಡಿಗೆ ಹೋಗುತ್ತದೆ. ಅಣೆಕಟ್ಟು ಎಂದರೆ ಕದವಿಲ್ಲದ ಗೋಡೆಯೆಂದು ತಿಳಿದವರಿಗೆ ಇದು ಬೇಸಿಗೆಗೊಂದು, ಮಳೆಗಾಲಕ್ಕೊಂದು ರೂಪದ ಅಣೆಕಟ್ಟು.

ದೊಡ್ಡದೊಂದು ಬಾಗಿಲು ಇಟ್ಟರಾಗದೇ, ತುಂಡು ತುಂಡು ಹಲಗೆ ಯಾಕೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದುಂಟು. ದೊಡ್ಡ ಬಾಗಿಲಿಗೆ ಯಂತ್ರ ಬೇಕು, ಹಲಗೆಗೆ ಇಬ್ಬರು ಜನ ಸಾಕು. ಎಷ್ಟು ನೀರು ನಿಲ್ಲಬೇಕೋ ಅಷ್ಟೇ ಹಲಗೆ ಹಾಕಬಹುದು. ಹೆಚ್ಚಾದದ್ದು ಮೇಲಿನ ಹಲಗೆಯನ್ನು ದಾಟಿ ಹೋಗುತ್ತದೆ. ಒಂದು ಹಲಗೆ ಎಂದರೆ ನೀರಿನ ಮಟ್ಟಕ್ಕೆ ಒಂದು ಮೆಟ್ಟಿಲು. ಆದರೆ ಇದರಲ್ಲಿ ಒಂದು ಗುಟ್ಟಿದೆ. ನೀರಿನ ಎತ್ತರ ಎರಡು ಪಟ್ಟಾದರೆ ಅದು ಗೋಡೆಯನ್ನು ತಳ್ಳುವ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಆ ಒತ್ತಡಕ್ಕೆ ಹಲಗೆಗಳು ಸಂದಿನಲ್ಲಿ ಕಚ್ಚಿಕೊಂಡು ಬಿಡುತ್ತವೆ. ಹಾಕುವಾಗ ಹಗುರವಾಗಿದ್ದ ಹಲಗೆ ತೆಗೆಯುವಾಗ ಹಗುರವಲ್ಲ.

ಈ ಉಪಾಯ ನಮ್ಮೊಬ್ಬರದೇ ಅಲ್ಲ. ಚೀನಾ ದೇಶದ ಕಾಲುವೆಗಳಲ್ಲಿ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಕಂಬಗಳ ಸಂದಿನಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಇಳಿಸಿ, ದೋಣಿ ಹೋಗುವಷ್ಟು ನೀರು ನಿಲ್ಲಿಸುತ್ತಿದ್ದರು. ನಾನು ಮದುವೆಯಾಗಿ ಬಯಲುಸೀಮೆಗೆ ಬಂದ ಮೇಲೆ ಇಲ್ಲಿಯ ಹಳೆಯ ಕೆರೆಯೊಂದರ ಕೋಡಿಯ ಮೇಲೆ ಸಾಲಾಗಿ ನಿಲ್ಲಿಸಿದ ಕಲ್ಲುಗಳನ್ನು ಕಂಡು, ಇವು ಯಾವ ವೀರರ ಕಲ್ಲುಗಳೋ ಎಂದುಕೊಂಡಿದ್ದೆ. ಅವೂ ಇದೇ ಕೆಲಸದವು! ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಲ್ಲುಗಳ ನಡುವೆ ಹಲಗೆಯನ್ನೋ ಹುಲ್ಲುಹೆಂಟೆಯನ್ನೋ ಇಟ್ಟು, ಮಣ್ಣು ಮೆತ್ತಿ, ಕೋಡಿ ಬೀಳುವ ನೀರನ್ನು ಒಂದೆರಡು ಅಡಿ ಹೆಚ್ಚಿಗೆ ಹಿಡಿಯುವುದು. ಕೆರೆಯ ಅಗಲಕ್ಕೆ ಒಂದಡಿ ನೀರೆಂದರೆ ಎಷ್ಟೋ ಗದ್ದೆಯ ಕೊನೆಯ ತಂಪು. ಆದರೆ ಹಾಗೆ ಮುಚ್ಚಿದ ಮೇಲೆ ಅಕಾಲದಲ್ಲಿ ದೊಡ್ಡ ಮಳೆ ಬಂದರೆ, ಕೋಡಿಯಲ್ಲಿ ಹೋಗಲಾರದ ನೀರು ಏರಿಯನ್ನೇ ಒಡೆಯುತ್ತದೆ. ಒಂದಡಿಯ ಆಸೆಗೆ ಇಡೀ ಕೆರೆಯನ್ನೇ ಪಣಕ್ಕಿಟ್ಟಂತೆ.

ಸರ್ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪೇಟೆಂಟ್ ಪಡೆದು ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಹಾಕಿಸಿದ ಸ್ವಯಂಚಾಲಿತ ಗೇಟುಗಳು ಈ ಚಿಂತೆಗೇ ಉತ್ತರ. ನೀರು ಗೊತ್ತಾದ ಮಟ್ಟ ಮೀರಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಅಂದರೆ ಯಾರೂ ರಾತ್ರಿ ಎದ್ದು ಹೋಗಬೇಕಾಗಿಲ್ಲ. ಯಾರ ಆಸೆಯೂ ಅದಕ್ಕೆ ಅಡ್ಡ ಬರುವುದಿಲ್ಲ. ಅವರ ಬುದ್ಧಿಗೆ ನಾನು ಕೈಮುಗಿಯುವುದು ಈ ಎರಡನೆಯ ಕಾರಣಕ್ಕೆ.

ನಮ್ಮ ಊರ ಕಿಂಡಿ ಅಣೆಕಟ್ಟಿನ ಹಲಗೆಗಳು ನಮ್ಮ ಮನೆಯ ಕೊಟ್ಟಿಗೆಯ ಅಟ್ಟದಲ್ಲಿರುತ್ತಿದ್ದವು. ಒಂದು ಕಿಂಡಿಯ ಹಲಗೆ ಇನ್ನೊಂದಕ್ಕೆ ಸರಿಯಾಗಿ ಕೂರದೆ ನೀರು ಸೋರುವುದರಿಂದ ಪ್ರತಿಯೊಂದಕ್ಕೂ ಡಾಂಬರಿನಲ್ಲಿ ನಂಬರು ಬರೆದಿತ್ತು. ಲೆಕ್ಕ ಇಡುವುದು ಅಮ್ಮನ ಕೆಲಸ. ಅಟ್ಟಕ್ಕೆ ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಎಣಿಸುತ್ತಿದ್ದಳು. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎನ್ನುವುದು ಅಪ್ಪನ ಮಾತು. ಪತ್ತನಾಜೆ, ಅಂದರೆ ಮೇ ತಿಂಗಳ ಕೊನೆಯ ವಾರ, ಬರುವುದರೊಳಗೆ ಹಲಗೆ ತೆಗೆಯಬೇಕೆಂಬುದು ಊರಿನ ಕಟ್ಟಳೆ.

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ಬಿಸಿಲು ವಿಪರೀತ. ಅಪ್ಪ ಆ ವರ್ಷವೇ ಹೊಸ ಅಡಿಕೆ ಸಸಿ ನೆಟ್ಟಿದ್ದರು. ಪತ್ತನಾಜೆ ಬಂತು, ಮಳೆಯ ಸುಳಿವಿಲ್ಲ. ಅಮ್ಮ ಎರಡು ಸಲ ನೆನಪಿಸಿದಳು. “ಇನ್ನೊಂದು ವಾರ ಇರಲಿ, ಸಸಿಗೆ ಎರಡು ನೀರಾಗುತ್ತದೆ” ಎಂದರು ಅಪ್ಪ. ಅವರದು ಕೆಟ್ಟ ಮನಸ್ಸಲ್ಲ. ಒಣಗುವ ಸಸಿಯನ್ನು ಕಣ್ಣೆದುರು ನೋಡಿಕೊಂಡು ಯಾರಿಗೆ ತಾನೇ ಹಲಗೆ ಎತ್ತಲು ಮನಸ್ಸು ಬರುತ್ತದೆ?

ಐದನೆಯ ರಾತ್ರಿ ಗುಡುಗು ಮಿಂಚಿನೊಂದಿಗೆ ಮಳೆ ಹಿಡಿಯಿತು. ಗಂಡಸರು ಲಾಟೀನು, ಹಗ್ಗ, ಹಾರೆ ಹಿಡಿದು ಓಡಿದರು. ಮೇಲಿನ ಹಲಗೆಗಳು ಕೆಲವು ಬಂದವು, ಕೆಳಗಿನವು ಅಲ್ಲಾಡಲಿಲ್ಲ. ಘಟ್ಟದ ಕಡೆಯಿಂದ ಬಂದ ನೀರಿಗೆ ಕಿಂಡಿ ಸಾಲದೆ, ಅದು ಅಣೆಕಟ್ಟಿನ ಪಕ್ಕದ ಮಣ್ಣನ್ನೇ ಕೊರೆದು ದಾರಿ ಮಾಡಿಕೊಂಡಿತು. ಅದು ನಮ್ಮ ಬದಿಯ ಮಣ್ಣಲ್ಲ, ಆಚೆ ಬದಿಯದು. ಬೆಳಗಾದಾಗ ಆಚೆ ಮನೆಯವರ ತೋಟದ ಒಂದು ಅಂಚು, ಫಲ ಕೊಡುವ ಮರಗಳ ಸಮೇತ ಹೊಳೆಗೆ ಸೇರಿತ್ತು. ನಮ್ಮ ಹೊಸ ಸಸಿಗಳು ಮಳೆಯಲ್ಲಿ ತೊಳೆದುಕೊಂಡು ಹಸಿರಾಗಿ ನಿಂತಿದ್ದವು.

ಅಪ್ಪ ಅಂದು ಮನೆಯಿಂದ ಹೊರಗೆ ಬರಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡು ಸಂಕದ ದಾರಿಯಲ್ಲಿ ಸುತ್ತಿ ಆಚೆ ಮನೆಗೆ ಹೋದಳು. ಆ ಮನೆಯ ಅಕ್ಕ ಜಗಲಿಯಲ್ಲಿ ಕೂತಿದ್ದರು. ನಮ್ಮನ್ನು ಕಂಡು ಎದ್ದು ಒಳಗೆ ಹೋಗಿ, ಬಂದವರಿಗೆ ಕೊಡುವಂತೆ ಬೆಲ್ಲ ನೀರು ತಂದಿಟ್ಟರು. ಅಮ್ಮ ಅಳುತ್ತ, “ಹೀಗೆ ಮಳೆ ಬರುತ್ತದೆಂದು ಯಾರಿಗೆ ಗೊತ್ತಿತ್ತು ಅಕ್ಕಾ” ಎಂದಳು.

“ಮಳೆ ನಿಮ್ಮದಲ್ಲ ಮಾರಾಯ್ತಿ. ಹಲಗೆ ನಿಮ್ಮದು” ಎಂದರು ಅಕ್ಕ.

ಅವರು ಜಗಳವಾಡಲಿಲ್ಲ, ಪಂಚಾಯಿತಿಗೂ ಹೋಗಲಿಲ್ಲ. ಮುಂದಿನ ವರ್ಷ ಹಲಗೆ ಹಾಕುವ ಮೊದಲು ಅಮ್ಮನೇ ಒಂದು ಮಾತು ಎತ್ತಿದಳು. ಅರ್ಧ ಹಲಗೆ ನಮ್ಮ ಅಟ್ಟದಲ್ಲಿ, ಅರ್ಧ ಆಚೆ ಮನೆಯಲ್ಲಿ ಇರಲಿ, ಹಾಕುವುದಕ್ಕೂ ತೆಗೆಯುವುದಕ್ಕೂ ಎರಡೂ ಬದಿಯವರು ಸೇರಲಿ ಎಂದು. ಅಪ್ಪ ಎದುರಾಡಲಿಲ್ಲ. ನಮ್ಮ ಮಡಿಯಲ್ಲಿ ಎಬ್ಬಿಸಿದ ಅಡಿಕೆ ಸಸಿಗಳನ್ನು ಅಮ್ಮ ಎಷ್ಟೋ ವರ್ಷ ಆಚೆ ಮನೆಗೆ ಕಳಿಸುತ್ತಿದ್ದಳು. ಸಸಿ ಬೆಳೆದು ಫಲ ಬರಲು ಐದಾರು ವರ್ಷ ಬೇಕು. ಅಷ್ಟು ವರ್ಷದ ನಷ್ಟಕ್ಕೆ ಅದು ಪರಿಹಾರವಲ್ಲವೆಂದು ಅವಳಿಗೂ ಗೊತ್ತಿತ್ತು.

ನೀರನ್ನು ಎಷ್ಟು ಎತ್ತರಕ್ಕೆ ನಿಲ್ಲಿಸಬೇಕೆಂಬ ಪ್ರಶ್ನೆ ದೊಡ್ಡ ಅಣೆಕಟ್ಟುಗಳಲ್ಲೂ ಹೀಗೆಯೇ. ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆಯಲ್ಲಿ ಹಳೆಯ ಕಿಂಡಿ ಅಣೆಕಟ್ಟಿಗಿಂತ ಎತ್ತರದ, 7 ಮೀಟರಿನ ಹೊಸದನ್ನು ಕಟ್ಟಿದಾಗ, ನಗರದ ನಲ್ಲಿಯ ಮಾತಿನ ಜೊತೆಗೇ ಮೇಲ್ಬದಿಯಲ್ಲಿ ಮುಳುಗುವ ಕೃಷಿಭೂಮಿಯ ಮಾತೂ ಎದ್ದಿತು. ನಲ್ಲಿ ತಿರುಗಿಸುವ ನಮಗೆ ಆ ಒಂದು ಮೀಟರಿನ ಬೆಲೆ ತಿಳಿಯುವುದಿಲ್ಲ.

ತುಂಗಭದ್ರೆಯಲ್ಲಿ ಆದದ್ದು ಇದರ ತಿರುವುಮುರುವು. ಅಲ್ಲಿ ನೀರು ನಿಲ್ಲಬೇಕಿತ್ತು, ನಿಲ್ಲಲಿಲ್ಲ. 33 ಗೇಟುಗಳಲ್ಲಿ ಒಂದು ಹೋಗಿತ್ತು. ಮುಂಗಾರಿನಲ್ಲಿ ತುಂಬಿದ್ದ ಸುಮಾರು 105 ಟಿಎಂಸಿ ನೀರಿನಲ್ಲಿ ಮೂವತ್ತಕ್ಕೂ ಹೆಚ್ಚು ಟಿಎಂಸಿ ನದಿಗೆ ಹರಿಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಆಗಸ್ಟ್ 16ರಂದು ಮೊದಲನೆಯದು ಕೂತಿತು, 17ರಂದು ಉಳಿದವು. ಮುಂದೆ ಮಳೆ ಬಂದು ಜಲಾಶಯ ಮತ್ತೆ ಬಹುಮಟ್ಟಿಗೆ ತುಂಬಿತು. ಆದರೂ 2025ರ ಮಳೆಗಾಲದಲ್ಲಿ ಹಳೆಯ ಗೇಟುಗಳ ಮೇಲೆ ಭಾರ ಹಾಕಲು ಧೈರ್ಯ ಸಾಲದೆ, ನೀರನ್ನು ಸುಮಾರು 80 ಟಿಎಂಸಿಗೇ ಮಿತಿಗೊಳಿಸಿದರು. ಹಲಗೆ ಹಾಕಬಲ್ಲೆವೆಂದು ಹಾಕದೆ, ಎಷ್ಟು ತಡೆದೀತೆಂದು ನೋಡಿ ನಿಲ್ಲಿಸಿದ ನಿರ್ಧಾರ ಅದು. ಎರಡನೆಯ ಬೆಳೆಯ ಆಸೆಯಿಟ್ಟುಕೊಂಡಿದ್ದ ರೈತರಿಗೆ ಅದು ಕಹಿ ಎಂಬುದನ್ನೂ ಮರೆಯಬಾರದು.

ಮೊನ್ನೆ ಊರಿಗೆ ಹೋದಾಗ ಕೊಟ್ಟಿಗೆಯ ಅಟ್ಟ ನೋಡಿದೆ. ಮರದ ಹಲಗೆಗಳು ಗೆದ್ದಲು ಹಿಡಿದು ಮೂಲೆಯಲ್ಲಿದ್ದವು, ನಂಬರು ಮಾತ್ರ ಇನ್ನೂ ಕಾಣುತ್ತಿತ್ತು. ಈಗ ಎಷ್ಟೋ ಕಡೆ ಫೈಬರ್ ಹಲಗೆ ಬಂದಿದೆ, ಹಗುರವಂತೆ, ಕೊಳೆಯುವುದೂ ಇಲ್ಲವಂತೆ.

2024ರ ಆ ದಿನದ ಫೋನಿನ ಮಾತಿಗೆ ಬರುತ್ತೇನೆ. ಸುಮ್ಮನಾಗಿದ್ದ ಅಮ್ಮ ಮತ್ತೆ ಮಾತಾಡಿದಳು. ಎಷ್ಟು ಟಿಎಂಸಿ, ಎಷ್ಟು ಕೋಟಿ ಎಂದು ಅವಳು ಕೇಳಲಿಲ್ಲ.

“ಅಷ್ಟು ನೀರು ಬಿಡುವ ಮೊದಲು ಕೆಳಗಿನವರಿಗೆ ಹೇಳಿದ್ದಾರಾ?” ಎಂದು ಕೇಳಿದಳು.

ನದಿಯ ದಂಡೆಯವರಿಗೆಲ್ಲ ಎಚ್ಚರಿಕೆ ಕೊಟ್ಟಿದ್ದಾರಮ್ಮ ಎಂದೆ. “ಹಾಗಾದರೆ ಸರಿ” ಎಂದು ಫೋನು ಇಟ್ಟಳು.