ಹಳೆಯ ನಾಣ್ಯದ ಕಪ್ಪು ಮತ್ತು ಕಿಲುಬು

ಸಾಗರ ತಾಲ್ಲೂಕಿನ ಬ್ಯಾಕೋಡು, ತುಮರಿ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಒಂದು ಪುಟ್ಟ ಬಟ್ಟೆಯ ಗಂಟು ಇರುವುದುಂಟು. ಬಿಚ್ಚಿದರೆ ವಿಕ್ಟೋರಿಯಾ ರಾಣಿಯ ಮುಖವಿರುವ ಬೆಳ್ಳಿ ರೂಪಾಯಿ, ತೂತಿನ ಕಾಸು, ಅದೃಷ್ಟವಿದ್ದರೆ ಆನೆಯ ಚಿತ್ರವಿರುವ ದಪ್ಪನೆಯ ತಾಮ್ರದ ಬಿಲ್ಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಶರಾವತಿ ಕಣಿವೆಯನ್ನು ತುಂಬಿದಾಗ, ಮನೆ ತೋಟಗಳನ್ನು ಬಿಟ್ಟು ಹೊರಟ ಸಂಸಾರಗಳು ಜೊತೆಗೆ ಒಯ್ಯಬಹುದಾಗಿದ್ದುದು ಇಂಥ ಸಣ್ಣ ವಸ್ತುಗಳನ್ನೇ.

ದೀಪಾವಳಿಯ ಲಕ್ಷ್ಮೀಪೂಜೆಗೆ ಈ ಗಂಟು ಹೊರಬರುತ್ತದೆ. ವರ್ಷವಿಡೀ ಕಪ್ಪಾಗಿದ್ದ ನಾಣ್ಯಗಳಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾರೆ. ಈಚೆಗಾದರೆ ಪಾತ್ರೆ ತಿಕ್ಕುವ ಪುಡಿ. ನಾಣ್ಯ ಫಳಫಳ ಹೊಳೆಯುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ಆದರೆ ಅದೇ ನಾಣ್ಯವನ್ನು ನಾಣ್ಯಶಾಸ್ತ್ರ ಬಲ್ಲವರ ಕೈಗೆ ಕೊಟ್ಟರೆ ಅವರ ಮುಖ ಬಾಡುತ್ತದೆ. ಅವರ ದೃಷ್ಟಿಯಲ್ಲಿ ತೊಳೆದುಹೋದದ್ದು ಕೊಳೆಯಲ್ಲ, ನಾಣ್ಯದ ಮೈ.

ಒಂದು ಅಕ್ಷರದ ಬೆಲೆ

ಈ ಸೀಮೆಯಲ್ಲಿ ನಾಣ್ಯದ ಮಾತಿಗೆ ವಿಶೇಷ ಅರ್ಥವಿದೆ. ಸಾಗರದ ಪಕ್ಕದ ಕೆಳದಿ, ಇಕ್ಕೇರಿ, ಹೊಸನಗರ ತಾಲ್ಲೂಕಿನ ಬಿದನೂರು, ಈ ಮೂರೂ ಒಂದಾದ ಮೇಲೊಂದರಂತೆ ಕೆಳದಿ ಅರಸರ ರಾಜಧಾನಿಗಳಾಗಿದ್ದವು. ಅವರ ಚಿನ್ನದ ನಾಣ್ಯ ಇಕ್ಕೇರಿ ವರಹ ದೂರದೂರಕ್ಕೆ ಹೆಸರಾಗಿತ್ತು. ಟಂಕಸಾಲೆ ಬಿದನೂರಿಗೆ ಹೋದ ಮೇಲೂ ವರಹದ ಹೆಸರು ಇಕ್ಕೇರಿಯದಾಗಿಯೇ ಉಳಿಯಿತು. ಸುಮಾರು 3.4 ಗ್ರಾಂ ತೂಕದ ಈ ವರಹದ ಒಂದು ಮುಖದಲ್ಲಿ ಕುಳಿತ ಶಿವ ಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂಬ ಬರಹ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಊರಿಗೆ ಹೈದರ್‌ನಗರ ಎಂದು ಹೆಸರಾಯಿತು. ಇಂದು ಅದು ನಗರ. ಆದರೆ ಜನ ನಂಬಿದ್ದ ವರಹದ ರೂಪವನ್ನು ಆತ ಕೆಡಿಸಲಿಲ್ಲ. ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ‘ಶ್ರೀ ಸದಾಶಿವ’ ಎಂಬುದರ ಬದಲು ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಪಾರಸಿ ಲಿಪಿಯಲ್ಲಿ ಒತ್ತಿಸಿದ. ಇದೇ ಬಹದ್ದೂರಿ ವರಹ. ಒಂದು ರಾಜ್ಯ ಹೋಗಿ ಇನ್ನೊಂದು ಬಂದದ್ದಕ್ಕೆ ಈ ನಾಣ್ಯದಲ್ಲಿರುವ ಸಾಕ್ಷಿ ಹಿಂಬದಿಯ ಆ ಒಂದು ಅಕ್ಷರ.

ತಾಮ್ರದ ನಾಣ್ಯಗಳಲ್ಲಿ ಈ ಮಾತು ಇನ್ನೂ ಸ್ಪಷ್ಟ. ಟಿಪ್ಪು ಸುಲ್ತಾನನ ಪೈಸೆಗಳ ಮೇಲೆ ಆನೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೂ ಆನೆ ಇದೆ. ಟಿಪ್ಪುವಿನದರಲ್ಲಿ ಟಂಕಸಾಲೆಯ ಊರಿನ ಹೆಸರು ಪಾರಸಿಯಲ್ಲಿರುತ್ತದೆ. ನಗರವೂ ಅಂಥ ಊರುಗಳಲ್ಲಿ ಒಂದು. ಆತ ಬಳಕೆಗೆ ತಂದ ಮೌಲೂದಿ ಶಕೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಒಡೆಯರ ಕಾಸುಗಳಲ್ಲಿ ಆನೆಯ ಮೇಲೆ ‘ಶ್ರೀ’, ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹ, ಜೊತೆಗೆ ಇಂಗ್ಲಿಷ್. ಆನೆ ಉಬ್ಬಾಗಿರುವುದರಿಂದ ಎಷ್ಟು ತಿಕ್ಕಿದರೂ ಅದರ ಆಕಾರ ಕಾಣುತ್ತದೆ. ಅಂಚಿನ ಸಣ್ಣ ಅಕ್ಷರ, ಅಂಕಿಗಳು ಮೊದಲು ಸವೆಯುತ್ತವೆ. ಅವು ಹೋದ ಮೇಲೆ ಉಳಿಯುವುದು ಯಾರದೆಂದು ಹೇಳಲಾಗದ ಒಂದು ಆನೆ.

ಬೆಳ್ಳಿ ಕಪ್ಪಾಗುವುದೇಕೆ?

ಬೆಳ್ಳಿಗೆ ಗಂಧಕದ ಸಂಗ ಆಗುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳು ತೇವದೊಡನೆ ಸೇರಿ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಎಂಬ ಪೊರೆಯನ್ನು ಕಟ್ಟುತ್ತವೆ. ಒಲೆಯ ಹೊಗೆ, ರಬ್ಬರು, ಉಣ್ಣೆಯ ಬಟ್ಟೆ, ಕೆಲವು ಬಗೆಯ ಕಾಗದ, ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಗಂಧಕ ಬರುತ್ತದೆ. ಪೊರೆ ತೀರ ತೆಳುವಾಗಿದ್ದಾಗ ನಾಣ್ಯ ಹೊಂಬಣ್ಣಕ್ಕೆ ತಿರುಗುತ್ತದೆ. ದಪ್ಪವಾದಂತೆ ಕೆಂಗಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಎಣ್ಣೆಯ ಹನಿ ಬಿದ್ದಾಗ ಕಾಣುವ ಬಣ್ಣಗಳಿಗೂ ಇವಕ್ಕೂ ಕಾರಣ ಒಂದೇ: ತೆಳುಪೊರೆಯ ಮೇಲಿನಿಂದಲೂ ಅಡಿಯಿಂದಲೂ ಮರಳುವ ಬೆಳಕು ಒಂದರೊಡನೊಂದು ಬೆರೆಯುವುದು. ನಾಣ್ಯ ಸಂಗ್ರಾಹಕರು ಇದನ್ನು ‘ಟೋನಿಂಗ್’ ಎನ್ನುತ್ತಾರೆ. ಸಹಜವಾಗಿ, ನಿಧಾನವಾಗಿ ಬಂದ ಬಣ್ಣಕ್ಕೆ ಅವರು ಹೆಚ್ಚು ಬೆಲೆ ಕೊಡುವುದೂ ಉಂಟು. ಇದನ್ನು ಕಂಡು ಗಂಧಕದ ಹೊಗೆ ಹಾಕಿ ಕೃತಕವಾಗಿ ಬಣ್ಣ ಬರಿಸುವವರೂ ಹುಟ್ಟಿಕೊಂಡಿದ್ದಾರೆ.

ಈ ಪೊರೆಯಲ್ಲಿ ನಾಣ್ಯದ ಬೆಳ್ಳಿಯೂ ಸೇರಿದೆ ಎಂಬುದು ಮುಖ್ಯ. ತಿಕ್ಕಿ ತೆಗೆದ ಪ್ರತಿಸಲವೂ ಒಂದಿಷ್ಟು ಬೆಳ್ಳಿ ಹೋಗುತ್ತದೆ; ಹೊಸದಾಗಿ ತೆರೆದ ಮೈ ಮತ್ತೆ ಕಪ್ಪಾಗುತ್ತದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ‘ಒಂದು ರೂಪಾಯಿ ತೂಕ’ ಎಂಬ ಮಾತು ಅಕ್ಕಸಾಲಿಗರಲ್ಲೂ ನಾಟಿ ವೈದ್ಯರಲ್ಲೂ ಅಳತೆಯಾಗಿ ನಿಂತದ್ದು ಈ ಖಚಿತತೆಯಿಂದಲೇ. ಹಳೆಯ ರಾಜ್ಯಗಳ ತೂಕದ ಪದ್ಧತಿಯನ್ನು ಇತಿಹಾಸಕಾರರು ಲೆಕ್ಕಹಾಕುವುದೂ ನಾಣ್ಯಗಳನ್ನು ತೂಗಿಯೇ. ಹುಳಿಯಲ್ಲಿ ನೆನೆದು, ಬೂದಿಯಲ್ಲಿ ಸವೆದ ನಾಣ್ಯ ತಕ್ಕಡಿಯಲ್ಲೂ ಸುಳ್ಳು ಹೇಳುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಬೇಗ ಕಾಣದು. ಅಚ್ಚಿನ ಹೊಡೆತಕ್ಕೆ ಸಿಕ್ಕಿದ ಲೋಹ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಆಗ ಮೈಮೇಲೆ ಕೂದಲೆಳೆಗಿಂತ ಸಣ್ಣ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ತಿರುಗಿಸಿದಾಗ ಅದರ ಮೇಲೆ ಬೆಳಕು ಸುತ್ತುವಂತೆ ಕಾಣುವುದು ಈ ಗೆರೆಗಳಿಂದ. ಆಮ್ಲ ಅವನ್ನು ಕರಗಿಸುತ್ತದೆ, ಪುಡಿ ಕೆರೆಯುತ್ತದೆ. ತಿಕ್ಕಿದ ನಾಣ್ಯದ ಹೊಳಪು ಪಾತ್ರೆಯ ಹೊಳಪೇ ಹೊರತು ಟಂಕಸಾಲೆಯದಲ್ಲ. ಸಂಗ್ರಾಹಕರು ಕಂಡೊಡನೆ ಅದನ್ನು ಗುರುತಿಸಿ ಬೆಲೆ ಇಳಿಸುತ್ತಾರೆ.

ಎರಡು ಬಗೆಯ ಹಸಿರು

ಹಾಗೆಂದು ನಾಣ್ಯವನ್ನು ಹೇಗಿದೆಯೋ ಹಾಗೆ ಬಿಟ್ಟರೆ ಸಾಕೇ? ತಾಮ್ರದ ವಿಷಯದಲ್ಲಿ ಸಾಲದು. ತಾಮ್ರದ ಮೇಲೆ ಮೊದಲು ಕೆಂಗಂದು ಬಣ್ಣದ ಆಕ್ಸೈಡ್ ಪೊರೆ ಬರುತ್ತದೆ. ಮಣ್ಣಿನಲ್ಲಿ ಬಹುಕಾಲ ಇದ್ದರೆ ಅದರ ಮೇಲೆ ನಯವಾದ, ಗಟ್ಟಿಯಾದ ಗಾಢ ಹಸಿರು. ಇದು ಅಡಿಯ ಲೋಹಕ್ಕೆ ಹೊದಿಕೆಯಿದ್ದಂತೆ. ಎಷ್ಟೋ ನಾಣ್ಯಗಳಲ್ಲಿ ಅಕ್ಷರಗಳ ಅಂಚು ಉಳಿದಿರುವುದು ಈ ಪೊರೆಯಲ್ಲೇ. ಅದನ್ನು ಕಿತ್ತರೆ ಅಕ್ಷರವೂ ಕಿತ್ತುಬರುತ್ತದೆ.

ಇನ್ನೊಂದು ಹಸಿರು ಬೇರೆ ಜಾತಿಯದು. ತಿಳಿಹಸಿರು, ಪುಡಿಪುಡಿ, ಉಗುರು ತಾಗಿಸಿದರೆ ಉದುರುತ್ತದೆ. ತಾಮ್ರ, ಕಂಚುಗಳಿಗೆ ತಗಲುವ ಈ ಪಿಡುಗಿಗೆ ವಸ್ತುಸಂಗ್ರಹಾಲಯಗಳಲ್ಲಿ ‘ಕಂಚಿನ ರೋಗ’ ಎಂಬ ಹೆಸರಿದೆ. ಉಪ್ಪಿನಲ್ಲಿರುವ ಕ್ಲೋರೈಡು ತಾಮ್ರದೊಳಕ್ಕೆ ಸೇರಿಕೊಂಡಿದ್ದರೆ ಗಾಳಿಯ ತೇವ ತಗಲಿದೊಡನೆ ಆಮ್ಲ ಹುಟ್ಟುತ್ತದೆ. ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಅದೇ ಕ್ಲೋರೈಡನ್ನು ಮಾಡುತ್ತದೆ. ತೇವ ಇರುವವರೆಗೂ ಈ ಚಕ್ರ ನಿಲ್ಲುವುದಿಲ್ಲ. ಗಾಳಿಯ ಆರ್ದ್ರತೆ ಶೇಕಡ 40ಕ್ಕಿಂತ ಕೆಳಗಿದ್ದರೆ ರೋಗ ಮಲಗಿರುತ್ತದೆ. ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ಮಲೆನಾಡಿನ ಮಳೆಗಾಲದಲ್ಲಿ ಅದು ಮಲಗುವ ಮಾತೇ ಇಲ್ಲ. ಉಪ್ಪು, ಹುಳಿ ಹಾಕಿ ತಿಕ್ಕಿ, ಸರಿಯಾಗಿ ಒಣಗಿಸದೆ ಪೆಟ್ಟಿಗೆಗೆ ಹಾಕಿದ ತಾಮ್ರದ ಕಾಸಿಗೆ ರೋಗದ ಬೀಜವನ್ನು ಮನೆಯವರೇ ಬಿತ್ತಿದಂತೆ.

ಮನೆಯಲ್ಲಿ ಮಾಡಬಹುದಾದದ್ದು

ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಬೆರಳಿನ ಬೆವರಲ್ಲೂ ಉಪ್ಪಿದೆ. ಮಣ್ಣು ಮೆತ್ತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ತಿಕ್ಕದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ತೇವ ತೆಗೆದು ಪೂರ್ತಿ ಒಣಗಿಸಬೇಕು. ಅಗ್ಗದ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮುಗಳು ಬೇಡ. ಕಾಲ ಕಳೆದಂತೆ ಅವು ಕ್ಲೋರಿನ್ ಅಂಶ ಬಿಟ್ಟು ನಾಣ್ಯದ ಮೇಲೆ ಅಂಟುಹಸಿರು ಬರಿಸುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು, ಮಳೆಗಾಲದಲ್ಲಿ ಆಗಾಗ ಪೊಟ್ಟಣ ಬದಲಿಸಿದರೆ ಸಾಕು. ತಿಳಿಹಸಿರು ಪುಡಿ ಕಂಡ ನಾಣ್ಯವನ್ನು ಕೂಡಲೇ ಬೇರೆಯಾಗಿ ಇಡಬೇಕು. ಅದರ ಚಿಕಿತ್ಸೆ ಸಂರಕ್ಷಣಾ ತಜ್ಞರ ಕೆಲಸ. ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದಿಂದ ಇದನ್ನು ತಡೆಯುವ ವಿಧಾನ 1960ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಅದು ವಿಷಕಾರಿಯಾದ್ದರಿಂದ ಮನೆಯ ಪ್ರಯೋಗಕ್ಕೆ ತಕ್ಕುದಲ್ಲ.

ತೋಟ ಅಗೆಯುವಾಗ ನಾಣ್ಯಗಳ ಗಡಿಗೆ ಸಿಕ್ಕಿದರಂತೂ ತೊಳೆಯಲೇಬಾರದು. ಮಣ್ಣು, ಗಡಿಗೆಯ ಚೂರು, ನಾಣ್ಯಗಳು ಅಂಟಿಕೊಂಡಿರುವ ರೀತಿ ಎಲ್ಲವೂ ಸಾಕ್ಷಿ. ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನೂ ಹೇಳುತ್ತದೆ. ಮನೆಯಲ್ಲಿರುವ ನಾಣ್ಯ ಯಾವ ಕಾಲದ್ದೆಂದು ತಿಳಿಯುವ ಆಸೆಯಿದ್ದವರಿಗೆ, ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯ ಸಾಗರದಿಂದ ಹೆಚ್ಚು ದೂರವಿಲ್ಲ.

ಪೂಜೆಯನ್ನು ಬಿಡಬೇಕಾಗಿಲ್ಲ. ಲಕ್ಷ್ಮಿಯ ಮುಂದೆ ತೊಳೆದಿಡಲು ಒಂದು ಹೊಸ ಬೆಳ್ಳಿ ನಾಣ್ಯ ಸಾಕು. ಅರಿಸಿನ, ಕುಂಕುಮ, ಹಾಲು ಎಲ್ಲವೂ ಅದಕ್ಕೇ ಸಲ್ಲಲಿ. ಹಳೆಯದನ್ನು ಪಕ್ಕದ ತಟ್ಟೆಯಲ್ಲಿ ಕಪ್ಪಾಗಿಯೇ ಇರಿಸಬಹುದು. ಮುಳುಗಡೆಯ ನೀರು ಮನೆ, ಗದ್ದೆ, ದಾರಿಗಳನ್ನು ಅಳಿಸಿದ ಈ ಸೀಮೆಯಲ್ಲಿ ಹಿರಿಯರ ಕೈಯಿಂದ ಬಂದ ಬರಹ ಹೆಚ್ಚೇನೂ ಉಳಿದಿಲ್ಲ. ಉಳಿದಿರುವ ನಾಲ್ಕು ಅಕ್ಷರಗಳನ್ನು ಹುಣಸೆಹುಳಿಗೆ ಕೊಡದಿರುವುದು ಮನೆಯವರ ಕೈಯಲ್ಲೇ ಇದೆ.